ಖೈತಾನಿನಲ್ಲಿ ಹಿಮದ ಟೈರು

ನಮ್ಮ ಮಾವನ ತಲೆಯಲ್ಲಿ ಒಂದು ನಟ್ಟು ಸಡಿಲವಾಗಿದೆ ಎಂಬುದನ್ನು ನಾನು ಐದೇ ನಿಮಿಷದಲ್ಲಿ, ಎದುರು ಪಕ್ಷಕ್ಕೆ ಉಸಿರೆತ್ತಲು ಎಡೆಗೊಡದೆ, ಸಾಧಿಸಿ ತೋರಿಸಬಲ್ಲೆ. ಹೆಚ್ಚು ಸಾಕ್ಷಿಯೂ ಬೇಡ. ಜುಲೈಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೂ ಕೈ ಸುಡುವ ಬಿಸಿನೀರೇ ಬರುವ ದೇಶ ಈ ಕುವೈತ್. ಇಲ್ಲಿ ಕೂತು ಅವರು, ತಮ್ಮ ಗಾಡಿಗೆ ಹಿಮದ ಮೇಲೆ ಜಾರದ ಟೈರು ಬೇಕೆಂದು ಎರಡು ವರ್ಷ ಅಂಗಡಿಯಿಂದ ಅಂಗಡಿಗೆ ಅಲೆದರು. ಹಿಮ! ಟೈರು! ಕುವೈತ್! ಈ ಮೂರನ್ನು ಒಂದೇ ವಾಕ್ಯದಲ್ಲಿ ಕೂರಿಸಿದವರು ಲೋಕದಲ್ಲಿ ಇನ್ನೊಬ್ಬರಿದ್ದರೆ ತೋರಿಸಿ, ಸೋತೆನೆಂದು ಒಪ್ಪಿಕೊಳ್ಳುತ್ತೇನೆ.

ಒಪ್ಪಿಕೊಳ್ಳುವುದು ನನಗೆ ಅಭ್ಯಾಸವಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಮಂಗಳೂರಿನ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ಕಪ್ಪು ಬೇರೆಯವರ ಮನೆಗೆ ಹೋಗದಂತೆ ನೋಡಿಕೊಂಡವಳು ನಾನು. (ಅದರಲ್ಲೊಂದು ಕಪ್ಪಿನಿಂದ ಅಮ್ಮ ಈಗ ಅಕ್ಕಿ ಅಳೆಯುತ್ತಾರೆ.) ಈಗ ಮಿರ್ಕಾಬಿನ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಜನ ಕಳಿಸಿದ ಅರ್ಜಿಗಳನ್ನು ಓದಿ, ಅವರಿಗೆ ಪರಿಹಾರ ಯಾಕೆ ಸಿಗಬಾರದು ಎಂಬುದಕ್ಕೆ ಕಾರಣ ಬರೆಯುವುದು. ಊರಿನಲ್ಲಿ 'ಈ ಹುಡುಗಿಯದು ಬಾಯಿ ಜೋರು' ಎಂದು ಬೈದದ್ದನ್ನೇ ಇಲ್ಲಿ ಸಂಬಳ ಕೊಟ್ಟು ಮಾಡಿಸುತ್ತಾರೆ.

ಮಾವ ಎಂದರೆ ಅಮ್ಮನ ಅಣ್ಣ. ಅವರಿಗೂ ಅತ್ತೆಗೂ ಮಕ್ಕಳಿಲ್ಲ. ಖೈತಾನಿನ ಅವರ ಎರಡು ಕೋಣೆಯ ಮನೆಯಲ್ಲಿ ನಾನು ಮೂರನೆಯವಳು. ಮೀನಾ ಅಲ್ ಅಹ್ಮದಿಯ ಎಣ್ಣೆ ರಿಫೈನರಿಯ ಚಿಮಣಿಗಳು ದೂರಕ್ಕೆ ಕಾಣುವ ಯಾವುದೋ ಯಾರ್ಡಿನಲ್ಲಿ, ಯಾವುದೋ ಕಾಂಟ್ರಾಕ್ಟ್ ಕಂಪನಿಯಲ್ಲಿ ಮಾವ ಫೋರ್‌ಮನ್. ಆ ಲೋಕದಲ್ಲಿ ಪರ್ಮಿಟ್ ಇಲ್ಲದೆ ಒಂದು ಬೋಲ್ಟು ಕೂಡ ತಿರುಗುವುದಿಲ್ಲ. ಏನು ಕೆಲಸ, ಎಲ್ಲಿ, ಎಷ್ಟು ಜನ, ಏನು ಅಪಾಯ, ಏನು ಮುನ್ನೆಚ್ಚರಿಕೆ, ಎಲ್ಲವನ್ನೂ ಬೆಳಿಗ್ಗೆ ಒಂದು ಹಾಳೆಯಲ್ಲಿ ಬರೆದು ಸೈನ್ ಹಾಕಬೇಕು. ಸಂಜೆ ಕೆಲಸ ಮುಗಿದ ಮೇಲೆ ತಲೆ ಎಣಿಸಿ, ಎಷ್ಟು ಜನ ಹಿಂದೆ ಬಂದರೆಂದು ಅದೇ ಹಾಳೆಯಲ್ಲಿ ಬರೆದು ಪರ್ಮಿಟ್ ಮುಚ್ಚಬೇಕು. ಒಳ್ಳೆಯ ನಿಯಮ. ಯಾರ್ಡಿಗೆ ಒಳ್ಳೆಯದು. ಮನೆಗೆ?

ನಮ್ಮ ಮನೆಯಲ್ಲಿ ಮಿಕ್ಸಿಯ ಫ್ಯೂಸು ಹಾಕುವುದಕ್ಕೂ ಪರ್ಮಿಟ್ ಇತ್ತು. ಸ್ವಿಚ್ಚಿಗೆ ಕೆಂಪು ಚೀಟಿ: 'ಮುಟ್ಟಬೇಡಿ, ಕೆಲಸ ನಡೆಯುತ್ತಿದೆ.' ಆ ಚೀಟಿಯನ್ನು ತೂಗುಹಾಕಿದವರೇ ತೆಗೆಯಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ. ಒಮ್ಮೆ ಮಾವ ಚೀಟಿ ತೂಗುಹಾಕಿ, ಫ್ಯೂಸು ಹಾಕಿ, ಚೀಟಿ ತೆಗೆಯಲು ಮರೆತು ಡ್ಯೂಟಿಗೆ ಹೋದರು. ಅಂದು ಡಬಲ್ ಡ್ಯೂಟಿ. ಎರಡು ದಿನ ನಾವು ಚಟ್ನಿಯಿಲ್ಲದ ದೋಸೆ ತಿಂದೆವು.

"ನನ್ನ ಅಡುಗೆಮನೆಯಲ್ಲಿ ನಾನು ಲೇಬರಾ ಮಾರಾಯ್ರೆ?" ಎಂದು ಅತ್ತೆ ಸೌಟು ಹಿಡಿದೇ ಕೇಳಿದರು.

"ಛೆ ಛೆ! ನೀನು ಸೈನಿಂಗ್ ಅಥಾರಿಟಿ," ಎಂದರು ಮಾವ.

ಅತ್ತೆಗೆ ಆ ಪದವಿ ಇಷ್ಟವಾಯಿತು. ಅಂದಿನಿಂದ ಮನೆಯ ಪ್ರತಿ ಪರ್ಮಿಟ್‌ಗೆ ಮೂರು ಸೈನು: ಅರ್ಜಿದಾರ ಮಾವ, ಪರಿಶೀಲಕಿ ನಾನು, ಅಧಿಕಾರಿ ಅತ್ತೆ. ಮೂರರಲ್ಲಿ ಒಂದಿಲ್ಲದಿದ್ದರೂ ಗಾಡಿ ಹೊರಡುವುದಿಲ್ಲ. ಶುಕ್ರವಾರ ಬೆಳಿಗ್ಗೆ ಚಾ ಆದ ಮೇಲೆ, ಯಾರ್ಡಿನಲ್ಲಿ ಕೆಲಸಕ್ಕೆ ಮುಂಚೆ ನಡೆಯುವ ಹಾಗೆ, ಟೂಲ್‌ಬಾಕ್ಸ್ ಮೀಟಿಂಗ್. ನಮ್ಮ ಮನೆಯಲ್ಲಿ ಜಗಳಕ್ಕೆ ತುಳು, ಮೀಟಿಂಗಿಗೆ ಕನ್ನಡ. ಸಮುದ್ರದ ದಂಡೆಗೆ ಹೋಗುವ ಪರ್ಮಿಟ್ ನನಗಿನ್ನೂ ನೆನಪಿದೆ. ಅಪಾಯ: ಅಲೆ. ಮುನ್ನೆಚ್ಚರಿಕೆ: ನೀರಿಗೆ ಇಳಿಯದಿರುವುದು. ಒಟ್ಟು ಜನ: 3. ಸಂಜೆ ಮರಳಿ ಬಂದು ಕಟ್ಟಡದ ಕೆಳಗೆ ಗಾಡಿ ನಿಲ್ಲಿಸಿ, ನಮ್ಮನ್ನು ಸಾಲಾಗಿ ನಿಲ್ಲಿಸಿ, ಬೆರಳು ಮಡಚಿ ಎಣಿಸಿದರು. ಒಂದು, ಎರಡು, ತಮ್ಮ ಎದೆ ಮುಟ್ಟಿಕೊಂಡು ಮೂರು. ಮತ್ತೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು! ಮೂರು ಜನರನ್ನು ಮೂರು ಸಲ ಎಣಿಸಿಯೂ ಅನುಮಾನದಿಂದ ಹಿಂದಿರುಗಿ ನೋಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಮೂರು ಅವರ ಕಾಯಿಲೆ. "ಸಬ್ ಠೀಕ್?" ಎಂದು ಕೇಳಿದರೆ, "ಠೀಕ್" ಎಂಬ ಮೊದಲನೆಯ ಉತ್ತರಕ್ಕೆ ಅವರಲ್ಲಿ ಬೆಲೆಯಿಲ್ಲ. ಎರಡನೆಯದಕ್ಕೆ ಅರ್ಧ ಬೆಲೆ. ಮೂರನೆಯ ಸಲ ಕಣ್ಣು ನೋಡಿ ಕೇಳುತ್ತಾರೆ. ಜುಲೈ ಬಂದರಂತೂ ಮುಗಿಯಿತು. ಕಟ್ಟಡದ ಬಾಗಿಲಲ್ಲಿ ಬಕೆಟ್ ತುಂಬ ಐಸು, ನೀರಿನ ಬಾಟಲಿ ಇಟ್ಟುಕೊಂಡು ಕೂರುತ್ತಾರೆ. ಊಟದ ಪಾರ್ಸೆಲ್ ತರುವ ಬೈಕಿನವರು ಯಾರೇ ಬರಲಿ, ನೀರು ಕುಡಿದೆಯಾ, ಯಾವಾಗ, ನನ್ನೆದುರೇ ಕುಡಿ ಎಂಬ ವಿಚಾರಣೆ.

"ಪಾನಿ ಪಿಯಾ?"

"ಪಿಯಾ ಭಾಯಿ."

"ಕಬ್ ಪಿಯಾ? ಮೇರೇ ಸಾಮ್ನೇ ಪಿಯೋ."

ಒಬ್ಬ ಬೈಕಿನವನು ಇವರ ಕಾಟಕ್ಕೆ ಹಿಂಬಾಗಿಲಿನಿಂದ ಬರತೊಡಗಿದ. ಮಾವ ಅಲ್ಲಿಗೂ ಒಂದು ಬಕೆಟ್ ಇಟ್ಟರು.

ಇನ್ನು ಆ ಗಾಡಿ. ದೇಶ ಬಿಟ್ಟು ಹೋಗುತ್ತಿದ್ದ ಒಬ್ಬ ಲೆಬನಾನಿನವರಿಂದ ಮಾವ ಕೊಂಡ ಹಳೆಯ ಫೋರ್‌ವೀಲ್. ಆತ ಅದನ್ನು ಮರಳುಗಾಡಿಗೆಂದು ಸ್ಪ್ರಿಂಗು ಬದಲಿಸಿ, ಕಾಗದಪತ್ರ ಮಾಡಿಸಿ, ಎತ್ತರಿಸಿದ್ದ. ಎಷ್ಟೆತ್ತರ? ನನಗೆ ಬಾಗಿಲಿನ ಹಿಡಿಕೆ ಹೆಗಲಿಗೆ ಬರುತ್ತದೆ. ಮಂಡಿನೋವಿನ ಅತ್ತೆಗೆ ಮೊದಲ ದಿನ ಹತ್ತಲು ಆಗಲೇ ಇಲ್ಲ. ಮರುವಾರ ಮಾವ ಯಾರ್ಡಿನ ಗುಜರಿ ಕಬ್ಬಿಣದಿಂದ ಮೂರು ಮೆಟ್ಟಿಲಿನ ಏಣಿ ಮಾಡಿ, ಎರಡೂ ಕಡೆ ಹಿಡಿಕಂಬಿ ಬೆಸೆದು, ಹಳದಿ ಬಣ್ಣ ಬಳಿದು ತಂದರು. ಅತ್ತೆ ಅದನ್ನು ಹತ್ತುವಾಗ ಖೈತಾನಿನ ಅರ್ಧ ಬೀದಿ ನಿಂತು ನೋಡುತ್ತಿತ್ತು. ವಿಮಾನ ಹತ್ತುವ ಮಂತ್ರಿಗಳ ಹಾಗೆ ಅತ್ತೆ ಮೇಲಿನ ಮೆಟ್ಟಿಲಲ್ಲಿ ನಿಂತು ಕೈ ಬೀಸಿದ್ದೂ ಉಂಟು.

ಆ ಗಾಡಿಯ ಹಿಂದಿನ ಸೀಟಿನಲ್ಲಿ, ಬೆಲ್ಟು ಕಟ್ಟಿಕೊಂಡು, ಒಂದು ಜೊತೆ ಸೇಫ್ಟಿ ಶೂ ಕೂತಿರುತ್ತಿತ್ತು. ತಮಾಷೆಯಲ್ಲ. ಕಬ್ಬಿಣದ ಮೂತಿಯ, ಹತ್ತು ನಂಬರಿನ ಶೂ. ಮಾವನ ಕಾಲು ಏಳು ನಂಬರು. ಶುಕ್ರವಾರ ಶುಕ್ರವಾರ ಅದಕ್ಕೆ ಪಾಲಿಶ್.

"ಹಾಕಿಕೊಳ್ಳಲಾಗದ ಶೂಗೆ ಪಾಲಿಶ್ ಯಾಕೆ ಮಾವಾ?" ಎಂದು ನಾನು ಕೇಳಿದ್ದೆ.

"ಧೂಳು ಕೂರ್ತದಲ್ಲ ಮಗಾ."

"ಬೆಲ್ಟು ಯಾಕೆ?"

"ಬ್ರೇಕ್ ಹಾಕುವಾಗ ಬೀಳ್ತದೆ."

ಕೇಳಿದ ಪ್ರಶ್ನೆಗೆ ಉತ್ತರವಿದೆ, ಕೇಳಬೇಕಾದ ಪ್ರಶ್ನೆಗೆ ಇಲ್ಲ. ಚರ್ಚೆಯಲ್ಲಿ ಇದನ್ನು ನುಣುಚಿಕೊಳ್ಳುವುದು ಎನ್ನುತ್ತಾರೆ. ನಾನು ಅಂಕ ಕಡಿದು ಸುಮ್ಮನಾದೆ.

ಟೈರಿನ ವಿಷಯಕ್ಕೆ ಬರೋಣ. ಹಿಮ ಎಲ್ಲಿದೆ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. ಸೌದಿಯ ಉತ್ತರದಲ್ಲಿ ತಬೂಕ್ ಎಂಬ ಊರಿನಾಚೆ ಜಬಲ್ ಅಲ್ ಲೌಜ್ ಎಂಬ ಬೆಟ್ಟವಿದೆ. ಅರ್ಥ, ಬಾದಾಮಿ ಬೆಟ್ಟ. ಕೆಲವು ಚಳಿಗಾಲಗಳಲ್ಲಿ ಅಲ್ಲಿ ಒಂದೆರಡು ದಿನ ಹಿಮ ಬೀಳುತ್ತದೆ. ಖೈತಾನಿನಿಂದ ಎರಡು ದಿನದ ದಾರಿ. ಎರಡು ದಿನದ ಹಿಮಕ್ಕೆ ಎರಡು ದಿನದ ದಾರಿ! ತಲುಪುವಾಗ ಅದು ನೀರಾಗಿರುತ್ತದೆ ಎಂಬುದು ಸಾಮಾನ್ಯ ಗಣಿತ.

"ಇರ್ಲಿ, ಹೋಗಿ ನೋಡುವ," ಎಂದರು ಮಾವ. "ಆದ್ರೆ ಸರಿಯಾದ ಟೈರಿಲ್ಲದೆ ಹೋಗ್ಲಿಕ್ಕಿಲ್ಲ. ಪಹಾಡಿ ಹೇಳ್ತಿದ್ದ, ಹಿಮದಲ್ಲಿ ಬ್ರೇಕ್ ಕೆಲಸ ಮಾಡೋದಿಲ್ಲ, ಟೈರೇ ಮಾಡ್ಬೇಕು ಅಂತ."

ಪಹಾಡಿ ಎಂದರೆ ಮಾವನ ಹಳೆಯ ಜೊತೆಗಾರ, ಹಿಮಾಚಲದ ಕಡೆಯ ವೆಲ್ಡರ್. ನಾನು ಕುವೈತಿಗೆ ಬರುವ ಮೊದಲೇ ಊರಿಗೆ ಹೋದವನು. ನಾನು ಕಂಡವಳಲ್ಲ. ಹಿಮದ ವಿಷಯದಲ್ಲಿ ಮಾವನಿಗೆ ಅವನೇ ವೇದ.

ಮೊದಲು ಶುವೈಖಿನ ಒಂದು ಮಲಯಾಳಿ ಟೈರು ಅಂಗಡಿ. ನಾನೂ ಜೊತೆಗಿದ್ದೆ, ಪರಿಶೀಲಕಿ ತಾನೆ! ಹಿಮಕ್ಕಾಗುವ ಟೈರು ಉಂಟಾ ಎಂದು ಕೇಳಿದ್ದೇ ತಡ, ಅಂಗಡಿಯವನು ಕ್ಯಾಲ್ಕುಲೇಟರ್ ಕೆಳಗಿಟ್ಟ.

"ಭಾಯಿ, ಕುವೈತ್ ಮೇ ಬರಫ್ ಸಿರ್ಫ್ ಮಛ್ಲಿ ಮಾರ್ಕೆಟ್ ಮೇ ಹೈ. ಉಧರ್ ಗಾಡಿ ಚಲಾಯೇಗಾ ಕ್ಯಾ?"

ಮೀನು ಮಾರ್ಕೆಟ್ಟಿನ ಐಸಿನ ಮೇಲೆ ಗಾಡಿ ಓಡಿಸುತ್ತೀರಾ ಎಂದು! ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಮಾವ ನಗಲಿಲ್ಲ. ಬೇಸರವೂ ಮಾಡಿಕೊಳ್ಳಲಿಲ್ಲ. ಗೋಡೆಗೆ ಒರಗಿಸಿದ್ದ ಟೈರುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ಒಂದೊಂದರ ಕೆನ್ನೆಯ ಬರಹ ಓದತೊಡಗಿದರು.

ಹೆಣ್ಣು ನೋಡಲು ಹೋದವರು ಇಷ್ಟು ನೋಡುವುದಿಲ್ಲ. ಟೈರಿನ ಕೆನ್ನೆಯಲ್ಲಿ ನಾಲ್ಕು ಅಂಕಿ ಇರುತ್ತದೆ, ಅದು ಹುಟ್ಟಿದ ವಾರ ಮತ್ತು ವರ್ಷ. ಈ ಸೆಕೆಗೆ ರಬ್ಬರು ಅಂಗಡಿಯಲ್ಲಿ ಕೂತಲ್ಲೇ ಮುದಿಯಾಗುತ್ತದೆ, ಆದ್ದರಿಂದ ಮೊದಲು ಜಾತಕ. ಆಮೇಲೆ ಲಾಂಛನ. 'ಎಮ್' ಮತ್ತು 'ಎಸ್' ಎಂದಿದ್ದರೆ ಕೆಸರಿಗೂ ಹಿಮಕ್ಕೂ ಆಗುತ್ತದೆ ಎಂದು ಅರ್ಥ. ಆದರೆ ಮಾವ ಅದನ್ನು ನಂಬುವುದಿಲ್ಲ. ಅದು ಹಲ್ಲಿನ ಆಕಾರ ನೋಡಿ ಕಂಪನಿ ತಾನೇ ಹಾಕಿಕೊಂಡ ಬಿರುದು, ಗೌರವ ಡಾಕ್ಟರೇಟಿನ ಹಾಗೆ! ನಿಜವಾಗಿ ಹಿಮದಲ್ಲಿ ಓಡಿ, ಪರೀಕ್ಷೆ ಪಾಸಾದ ಟೈರಿಗೆ ಬೇರೆ ಗುರುತಿದೆ: ಮೂರು ಶಿಖರದ ಒಂದು ಬೆಟ್ಟ, ಅದರ ಹೊಟ್ಟೆಯಲ್ಲಿ ಒಂದು ಹಿಮದ ಹರಳು. ಮಾವನಿಗೆ ಅದೇ ಬೇಕು.

"ಹಾಗಾದ್ರೆ ಪೂರ್ತಿ ಚಳಿಗಾಲದ ಟೈರೇ ತಗೊಳ್ಳಿ, ಮುಗೀತಲ್ಲ," ಎಂದೆ.

"ಅದು ಮೆತ್ತಗಿನ ರಬ್ಬರು ಮಾರಾಯ್ತಿ. ಚಳಿಯಲ್ಲೂ ಕಲ್ಲಾಗದ ಹಾಗೆ ಮಾಡಿದ್ದು. ಇಲ್ಲಿನ ರೋಡಲ್ಲಿ ಓಡಿಸಿದ್ರೆ ಶಾಲೆ ಮಕ್ಕಳ ರಬ್ಬರಿನ ಹಾಗೆ ಸವೀತದೆ. ನಮಗೆ ಬೇಕಾದ್ದು ಎಲ್ಲದಕ್ಕೂ ಆಗುವುದು. ಬಿಸಿ ರೋಡು, ಮರಳು, ಕಲ್ಲು, ಹಿಮ."

ಅಂದರೆ ಸರ್ವಧರ್ಮ ಸಮನ್ವಯದ ಟೈರು! ಇಷ್ಟೂ ಸಾಲದೆಂದು ಅಳತೆಯ ಪ್ರಶ್ನೆ. ಎತ್ತರದ ಗಾಡಿಗೆ ಸಣ್ಣ ಟೈರು ಹಾಕಿದರೆ ಪಂಚೆ ಎತ್ತಿ ಕಟ್ಟಿ ನಿಂತ ಹಾಗೆ ಕಾಣುತ್ತದೆ. ದೊಡ್ಡದು ಹಾಕಿದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜುತ್ತದೆ. ಮಾವ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಟೈರಿನಷ್ಟೇ ದೊಡ್ಡ ಚಕ್ರ ಮಾಡಿ, ಗಾಡಿಯ ಕೆಳಗೆ ಮಲಗಿ ಅಳೆದರು. ಎರಡು ಗಂಟೆ ನಾನು ಸ್ಟೇರಿಂಗ್ ತಿರುಗಿಸಿದೆ. "ಎಡಕ್ಕೆ! ಇನ್ನೂ ಎಡಕ್ಕೆ! ಖಲಾಸ್!" ದಾರಿಹೋಕರೊಬ್ಬರು ಆಂಬುಲೆನ್ಸ್ ಕರೆಯಲೇ ಎಂದು ಕೇಳಿದರು.

ಆರನೆಯದೋ ಏಳನೆಯದೋ ಅಂಗಡಿಯಲ್ಲಿ ಒಬ್ಬ ಮುದುಕ ಪಠಾಣ ಸಿಕ್ಕಿದರು. ಮಾವ ಪ್ರಶ್ನೆ ಕೇಳಿದಾಗ ಅವರು ನಗಲಿಲ್ಲ. ಮಾವನನ್ನು ಬಹಳ ಹೊತ್ತು ನೋಡಿದರು. ತಮ್ಮ ಊರೂ ಹಿಮದ್ದೇ, ಮೂವತ್ತು ವರ್ಷದ ಅಂಗಡಿಯಲ್ಲಿ 'ಬರಫ್' ಎಂಬ ಮಾತು ತೆಗೆದ ಮೊದಲ ಗಿರಾಕಿ ನೀವು ಎಂದರು. ಚಾ ತರಿಸಿದರು. ಒಂದು ಟೈರನ್ನು ಉರುಳಿಸಿಕೊಂಡು ಬಂದು, ಅದರ ಹಲ್ಲುಗಳ ಮೇಲೆ ಕೂದಲೆಳೆಯಷ್ಟು ಸಣ್ಣ ಸೀಳುಗಳಲ್ಲಿ ಉಗುರು ಎಳೆದು ತೋರಿಸಿದರು.

"ಇಸ್ ಮೇ ಬರಫ್ ಭರ್ ಜಾತಾ ಹೈ. ಬರಫ್ ಕೋ ಬರಫ್ ಹೀ ಪಕಡ್ತಾ ಹೈ, ಭಾಯಿ."

ಹಿಮವನ್ನು ಹಿಡಿಯುವುದು ಹಿಮವೇ. ಮಾವ ಆ ಮಾತನ್ನು ಪ್ರಸಾದದ ಹಾಗೆ ತೆಗೆದುಕೊಂಡರು.

"ಕಿಸ್ ಕೇ ಲಿಯೇ ಜಾ ರಹೇ ಹೋ?" ಯಾರಿಗಾಗಿ ಹೊರಟಿದ್ದೀರಿ ಎಂದು ಕೇಳಿದರು ಪಠಾಣರು.

"ದೋಸ್ತ್ ಕೇ ಲಿಯೇ," ಎಂದರು ಮಾವ.

ಯಾವ ದೋಸ್ತ್? ನಾನು ಕೇಳಬೇಕಿತ್ತು. ಅರ್ಜಿಗಳಲ್ಲಿ ಅಲ್ಪವಿರಾಮವನ್ನೂ ಬಿಡದವಳು ಆ ಒಂದು ಮಾತನ್ನು ಬಿಟ್ಟುಬಿಟ್ಟೆ. ಪಠಾಣರು ಕೂಡ ಮುಂದೆ ಕೇಳಲಿಲ್ಲ. ಆದರೆ ಅವರು ಕೇಳದೆ ಇದ್ದದ್ದು ತಿಳಿದು, ನಾನು ಕೇಳದೆ ಇದ್ದದ್ದು ತಿಳಿಯದೆ.

ಬೇಕಾದ ಅಳತೆ ಕುವೈತಿನಲ್ಲಿ ಇರಲಿಲ್ಲ. ತರಿಸುವಷ್ಟರಲ್ಲಿ ಒಂದು ಚಳಿಗಾಲ ಮುಗಿದೇ ಹೋಯಿತು. ಎರಡನೆಯ ಚಳಿಗಾಲದ ಡಿಸೆಂಬರಿನಲ್ಲಿ ನಾಲ್ಕು ಟೈರು ಗಾಡಿಯ ಕಾಲಿಗೇರಿದವು. ಬೆಟ್ಟ, ಹರಳು, ಎಲ್ಲ ಸರಿ. ಹೊಸ ಟೈರಿನ ಮೈತುಂಬ ರಬ್ಬರಿನ ಸಣ್ಣ ಸಣ್ಣ ರೋಮಗಳು. ಅತ್ತೆ ಅದನ್ನು ಸವರಿ, "ಹುಟ್ಟಿದ ಮಗುವಿನ ಕಿವಿಯ ಹಾಗೆ ಉಂಟಲ್ಲ!" ಎಂದರು.

ಅದು ಮಾವನ ಕೊನೆಯ ಚಳಿಗಾಲ. ಮಾರ್ಚಿಗೆ ಕಾಂಟ್ರಾಕ್ಟ್ ಮುಗಿಯುತ್ತದೆ, ಅದರ ಜೊತೆಗೆ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಕೂಡ. ಆಮೇಲೆ ಗಾಡಿ ಮಾರಿ, ಪೆಟ್ಟಿಗೆ ಕಟ್ಟಿ ಊರಿಗೆ. ಈ ಜನವರಿಯಲ್ಲಿ ಹೋಗದಿದ್ದರೆ ಹಿಮದ ಕಥೆ ಅಲ್ಲಿಗೇ ಮುಗಿಯಿತು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಟೈರು ಹಾಕಿದ ಮರು ಶುಕ್ರವಾರ ಮಾವ ಪರ್ಮಿಟ್ ಮುಂದಿಟ್ಟರು. ಸ್ಥಳ: ಜಬಲ್ ಅಲ್ ಲೌಜ್. ಅಪಾಯ: ಜಾರುವುದು, ಚಳಿ, ಒಂಟೆ. ಒಟ್ಟು ಜನ: 4.

"ಮಾವಾ, ಇಲ್ಲೇ ತಪ್ಪು! ನಾವು ಮೂರು ಜನ."

"ನಾಲ್ಕು," ಎಂದರು.

"ನೀವು, ಅತ್ತೆ, ನಾನು. ನಾಲ್ಕನೆಯವರು ಯಾರು? ಒಂಟೆಯಾ?"

ಅತ್ತೆ ನಗಲಿಲ್ಲ. ಅಲ್ಲಿಗಾದರೂ ನಿಲ್ಲಬೇಕಿತ್ತು. ಆದರೆ ನನಗೆ ಗಂಟಲು ಬಿಸಿಯಾದರೆ ನಿಲ್ಲಿಸುವ ಗಂಟೆ ಬಾರಿಸಬೇಕು, ಮನೆಯಲ್ಲಿ ಗಂಟೆ ಎಲ್ಲಿದೆ? ಎದ್ದು ನಿಂತೇ ಶುರುಮಾಡಿದೆ. ಹಿಮ ಬೀಳುತ್ತದೆಂಬ ಖಾತ್ರಿಯಿಲ್ಲ. ಬಿದ್ದರೂ ಬೆಟ್ಟದ ರಸ್ತೆ ಡಾಂಬರಿನದು, ಜನ ಸಾದಾ ಕಾರಿನಲ್ಲೇ ಹೋಗಿ ಫೋಟೋ ಹಾಕುತ್ತಾರೆ, ಹಾಗಾಗಿ ಈ ಟೈರಿನ ಪುರಾಣವೇ ನಿರಾಧಾರ. ಕೊನೆಗೆ, ಕಪ್ಪು ಗೆಲ್ಲಿಸುವ ಅಸ್ತ್ರ ಒಂದನ್ನು ಯಾವಾಗಲೂ ಕೊನೆಗೆ ಇಟ್ಟುಕೊಳ್ಳಬೇಕು:

"ಹಿಮವೇ ಬೇಕಾದ್ರೆ ನಮ್ಮ ದೇಶದಲ್ಲಿ ಇಲ್ವಾ? ನಿಮ್ಮ ಪಹಾಡಿಯ ಊರೇ ಉಂಟಲ್ಲ! ಮಾರ್ಚಲ್ಲಿ ಹೇಗೂ ಹೋಗ್ತೀರಿ. ವಿಮಾನ ಹತ್ತಿ, ಟ್ಯಾಕ್ಸಿ ಹಿಡೀರಿ, ಟೈರು ಅವರದ್ದು! ದೋಸ್ತ್ ದೋಸ್ತ್ ಅಂತೀರಲ್ಲ, ಅವನ ಮನೆಗೆ ಹೋಗಿ ಒಂದು ಚಾ ಕುಡಿದು ಬನ್ನಿ. ಅಲ್ಲಿಗೆ ಹೋಗ್ಲಿಕ್ಕೆ ನಿಮಗೆ ಏನು ತೊಂದರೆ? ಹೇಳಿ ನೋಡುವ!"

ಮಾವ ಪೆನ್ನಿಗೆ ಮುಚ್ಚಳ ಹಾಕಿದರು. ಮತ್ತೆ ತೆಗೆದು, ಪರ್ಮಿಟ್ ಮೇಲೆ ಅಡ್ಡಲಾಗಿ 'ರದ್ದು' ಎಂದು ಬರೆದರು. ಡ್ರಾವರಿನಿಂದ ಕೆಂಪು ಚೀಟಿ ತೆಗೆದುಕೊಂಡು ಮೆಟ್ಟಿಲಿಳಿದು ಹೋದರು. ಕಿಟಕಿಯಿಂದ ನೋಡಿದೆ. ಗಾಡಿಯ ಸ್ಟೇರಿಂಗಿಗೆ ಚೀಟಿ ತೂಗುಹಾಕಿ, ಹಿಂದಿನ ಬಾಗಿಲು ತೆರೆದು, ಸುಮ್ಮನೆ ನಿಂತಿದ್ದರು.

ಮಾವನ ಎದುರು ಅದು ನನ್ನ ಮೊದಲ ಪೂರ್ಣ ಜಯ.

"ಗೆದ್ದೆ ಅಲ್ವಾ?" ಎಂದರು ಅತ್ತೆ, ಅಡುಗೆಮನೆಯಲ್ಲಿ ಬೀನ್ಸಿನ ನಾರು ಬಿಡಿಸುತ್ತ. ನನ್ನ ಮುಖ ನೋಡದೆಯೇ ಹೇಳಿದರು. "ಪಹಾಡಿ ಊರಿಗೆ ಹೋದದ್ದು ಹೌದು ಮಗಾ. ಪೆಟ್ಟಿಗೆಯಲ್ಲಿ ಹೋದದ್ದು."

ನಾನು ಕೂತೆ.

"ನೀನು ಬರುವ ಮೊದಲಿನ ಜುಲೈ. ಬೆಳಿಗ್ಗೆ ಆರಕ್ಕೆ ಇವರು ಪರ್ಮಿಟ್‌ಗೆ ಸೈನ್ ಹಾಕಿದ್ದು. ಅದರಲ್ಲಿ ಒಂದು ಗೆರೆ ಉಂಟಂತೆ, ಕೆಲಸದವರು ಆರೋಗ್ಯವಾಗಿದ್ದಾರಾ ಅಂತ. ಇವರು ಕೇಳಿದ್ರಂತೆ, ಸಬ್ ಠೀಕ್? ಅವ ಠೀಕ್ ಅಂದ. 'ಠೀಕ್' ಅಂತ ಇವರು ಗುರುತು ಹಾಕಿದ್ರು. ಒಂಬತ್ತೂವರೆಗೆ ಏಣಿ ಇಳಿದು ಬಂದು, ಶೂ ಬಿಚ್ಚಿ, ನೆರಳಲ್ಲಿ ಕೂತವ ಮತ್ತೆ ಏಳ್ಲಿಲ್ಲ."

"ಯಾರ ತಪ್ಪು?" ಎಂದೆ. ನನ್ನ ಬಾಯಿಗೆ ಬೇರೆ ಮಾತು ಗೊತ್ತಿಲ್ಲ.

"ಯಾರದ್ದೂ ಅಲ್ಲ. ಹೃದಯ ಮೊದಲೇ ಸರಿ ಇರ್ಲಿಲ್ಲ ಅಂತ ಡಾಕ್ಟ್ರು ಹೇಳಿದ್ರು. ಅವನಿಗೇ ಗೊತ್ತಿರ್ಲಿಲ್ಲ. ಎಲ್ರೂ ಹೇಳಿದ್ರು ಇವರಿಗೆ. ಇವರೊಬ್ರು ಒಪ್ಪಿಲ್ಲ." ಅತ್ತೆ ಒಂದು ನಾರು ಎಳೆದರು. "ಬೆಳಿಗ್ಗೆ ಬರೆದದ್ದು ನಾಲ್ಕು ಜನ ಅಂತ. ಸಂಜೆ ಮುಚ್ಚುವಾಗ ಮೂರು ಅಂತ ಬರೀಬೇಕು. ಇವರ ಕೈ ಹೋಗ್ಲಿಲ್ಲ. ಬೇರೆ ಯಾರೋ ಬರೆದು ಮುಚ್ಚಿದ್ರು."

ಶೂ ಮಾತ್ರ ಇಲ್ಲಿ ಉಳಿದುಹೋಯಿತಂತೆ. ಸೆಕೆಯಲ್ಲಿ ಕಬ್ಬಿಣದ ಮೂತಿಯೊಳಗೆ ಬೇಯುವ ಕಾಲನ್ನು ಬೈದುಕೊಳ್ಳುತ್ತ ಪಹಾಡಿ ದಿನಾ ಹೇಳುತ್ತಿದ್ದನಂತೆ, ಊರಿಗೆ ಹೋದ ದಿನ ಮೊದಲು ಮನೆಯೊಳಗೆ ಹೋಗುವುದಿಲ್ಲ, ಅಂಗಳದ ಹಿಮದಲ್ಲಿ ಹತ್ತು ನಿಮಿಷ ಕಾಲಿಟ್ಟು ನಿಲ್ಲುತ್ತೇನೆ ಎಂದು.

"ಅವನ ಊರಿಗೆ ಹೋಗಿ ಅಂತ ನಾನೂ ಹೇಳಿದ್ದೆ," ಎಂದರು ಅತ್ತೆ. "ಅವನ ಹೆಂಡತಿ ಬೈದ್ರೆ ತಡ್ಕೊಳ್ಬಹುದು, ಚಾ ಕೊಟ್ರೆ ಹೇಗೆ ಕುಡಿಯುವುದು ಅಂತಾರೆ."

ಒಂದು ಚಾ ಕುಡಿದು ಬನ್ನಿ ಎಂದಿದ್ದೆ ನಾನು.

ಆ ದಿನ ನಾನು ಕೋಣೆಯಲ್ಲಿ ಕೂತು, ನಾನು ಕಂಡು ನಕ್ಕ ಪ್ರತಿಯೊಂದನ್ನೂ ಹಿಂದಿನಿಂದ ಓದಿದೆ. ಮೂರು ಸಲದ 'ಸಬ್ ಠೀಕ್'. ಐಸಿನ ಬಕೆಟ್. ಬೆರಳು ಮಡಚಿ ಎಣಿಸಿ, ಮತ್ತೂ ಹಿಂದಿರುಗಿ ನೋಡುವ ಆ ಕಣ್ಣು. ಇಷ್ಟೂ ದಾಖಲೆ ಕಣ್ಣೆದುರಿಗಿದ್ದು ನಾನು ತೀರ್ಪು ತಪ್ಪಾಗಿ ಬರೆದಿದ್ದೆ.

ಕೆಳಗೆ ಹೋಗಿ ಕೆಂಪು ಚೀಟಿ ಕಿತ್ತುಬಿಡೋಣ ಎನಿಸಿತು. ಆದರೆ ತೂಗುಹಾಕಿದವರೇ ತೆಗೆಯಬೇಕು. ಮೇಜಿನಿಂದ ಖಾಲಿ ಫಾರಂ ತೆಗೆದುಕೊಂಡು ನಾನೇ ಬರೆದೆ. ಅರ್ಜಿದಾರಳು: ನಾನು. ಕೆಲಸ: ಕಾಲು ತಂಪು ಮಾಡುವುದು. ಒಟ್ಟು ಜನ: 4. ಅಪಾಯ: ನನ್ನ ಬಾಯಿ. ಮುನ್ನೆಚ್ಚರಿಕೆ: ಮುಚ್ಚಿಕೊಂಡಿರುವುದು.

ಅತ್ತೆ ಸೈನ್ ಹಾಕಿದರು. ಮಾವನ ಮುಂದಿಟ್ಟೆ. ಮಾವ ಅದನ್ನು ಓದಿದರು. ಮತ್ತೆ ಓದಿದರು. ಮೂರನೆಯ ಸಲ ಓದಿ, ಅತ್ತೆಯ ಕಡೆ ನೋಡಿ, "ಹೇಳಿದೆಯಾ?" ಎಂದರು.

"ಹೇಳಿದೆ," ಎಂದರು ಅತ್ತೆ.

ಮಾವ ಚಪ್ಪಲಿ ಮೆಟ್ಟಿ ಕೆಳಗಿಳಿದು ಹೋಗಿ ಕೆಂಪು ಚೀಟಿ ತೆಗೆದರು.

ಜನವರಿಯಲ್ಲಿ ತಬೂಕಿನ ಕಡೆ ಹಿಮ ಎಂದು ಮೊಬೈಲಿನಲ್ಲಿ ಬಂದದ್ದೇ ಹೊರಟೆವು. ಸೌದಿಗೆ ದಾಟುವ ಸಾಲ್ಮಿಯ ಗಡಿಯಲ್ಲಿ ಒಬ್ಬ ಯುವ ಅಧಿಕಾರಿ ಹಿಂದಿನ ಕಿಟಕಿಯಲ್ಲಿ ಬಗ್ಗಿ ನೋಡಿದ. ನನ್ನ ಪಕ್ಕದಲ್ಲಿ ಬೆಲ್ಟು ಕಟ್ಟಿಕೊಂಡು ಹತ್ತು ನಂಬರಿನ ಶೂ.

"ಶಿನೂ ಹಾದಾ?" ಇದೇನು ಎಂದ.

ಹಳೆಯ ನಾನಾಗಿದ್ದರೆ ಒಂದು ಭಾಷಣವೇ ಇತ್ತು. ಫಾರಂನಲ್ಲಿ ಬರೆದ ಮುನ್ನೆಚ್ಚರಿಕೆ ನೆನಪಾಗಿ ತುಟಿ ಕಚ್ಚಿಕೊಂಡೆ.

"ಸದೀಕ್," ಎಂದರು ಮಾವ. ಗೆಳೆಯ.

ಅಧಿಕಾರಿ ಶೂ ನೋಡಿದ, ಮಾವನನ್ನು ನೋಡಿದ. ಮೂರು ಪಾಸ್‌ಪೋರ್ಟುಗಳನ್ನೂ ಎರಡೂ ಕೈಯಲ್ಲಿ ಹಿಡಿದು ಹಿಂದೆ ಕೊಟ್ಟ. "ಯಲ್ಲಾ, ಹಜ್ಜಿ," ಎಂದ, ಮೆಲ್ಲಗೆ. ಹೊರಡಿ, ಹಿರಿಯರೇ.

ಎರಡನೆಯ ದಿನ ಮಧ್ಯಾಹ್ನ ಬೆಟ್ಟ ತಲುಪಿದೆವು. ನಾನು ವಾದಿಸಿದ್ದು ಅಕ್ಷರಶಃ ನಿಜವಾಗಿತ್ತು: ಬೋಳು ಟೈರಿನ ಸಾದಾ ಕಾರುಗಳು ನಮಗಿಂತ ಮೊದಲೇ ಬಂದು ನಿಂತಿದ್ದವು! ಮಕ್ಕಳು ತುಳಿದು, ಚಾದ ಕೆಟಲುಗಳು ಸುತ್ತ ಕೂತು, ಹಿಮ ಕೆಸರಾಗಿತ್ತು. ಜೀವನದಲ್ಲಿ ಮೊದಲ ಸಲ ನಾನು ಸರಿಯಾಗಿದ್ದೂ ಬಾಯಿ ಬಿಡಲಿಲ್ಲ.

"ಇಲ್ಲಿ ಬೇಡ," ಎಂದರು ಮಾವ. "ಇದು ಯಾರ್ಯಾರೋ ತುಳಿದದ್ದು."

ಡಾಂಬರು ಬಿಟ್ಟು ಗಾಡಿ ಕಲ್ಲಿನ ಮೇಲೆ ಹತ್ತಿತು. ಸಾದಾ ಕಾರಿನ ಹೊಟ್ಟೆ ಸೀಳಿಹೋಗುವ ಕಲ್ಲುಗಳು. ಆಮೇಲೆ ಹಿಮ. ನಾಲ್ಕು ಟೈರುಗಳೂ ತಮ್ಮ ಸಣ್ಣ ಸಣ್ಣ ಸೀಳುಗಳಲ್ಲಿ ಹಿಮ ತುಂಬಿಕೊಂಡು, ಹಿಮವನ್ನು ಹಿಡಿದುಕೊಂಡು, ಒಂದಿಷ್ಟೂ ಜಾರದೆ ನಡೆದವು. ಎರಡು ವರ್ಷದ ಹುಡುಕಾಟವೆಲ್ಲ ಆ ಇನ್ನೂರು ಮಾರು ದೂರಕ್ಕಾಗಿ. ಒಂದು ಬಂಡೆಯ ಹಿಂದೆ, ಬಿಸಿಲು ಬೀಳದ ಕಡೆ, ನಾಲ್ಕು ಚಾಪೆಯಷ್ಟು ಜಾಗದಲ್ಲಿ, ಯಾರೂ ತುಳಿಯದ ಹಿಮ.

ಅತ್ತೆ ಹಳದಿ ಮೆಟ್ಟಿಲಿಳಿದು ಬಂದರು, ಈ ಸಲ ಕೈ ಬೀಸಲಿಲ್ಲ. ಮಾವ ಶೂವಿನ ಬೆಲ್ಟು ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ ತಂದು, ಮಂಡಿಯೂರಿ, ಎರಡನ್ನೂ ಅಕ್ಕಪಕ್ಕದಲ್ಲಿ ಹಿಮದೊಳಗೆ ಇಟ್ಟರು. ಲೇಸು ಸಡಿಲಿಸಿದರು. ನಾಲಗೆ ಹೊರಗೆಳೆದು ಬಾಯಿ ಅಗಲ ಮಾಡಿದರು, ಒಳಗೆ ಗಾಳಿ ಹೋಗಲಿ ಎನ್ನುವ ಹಾಗೆ.

"ಸಬ್ ಠೀಕ್?" ಎಂದರು.

ಗಾಳಿ ಬೀಸುತ್ತಿತ್ತು.

"ಸಬ್ ಠೀಕ್, ಪಹಾಡಿ?"

ಮೂರನೆಯ ಸಲ ಕೇಳಿದ್ದು ಮಾವನಲ್ಲ. ಅತ್ತೆ ಬಂದು, ಅವರ ಹೆಗಲು ಹಿಡಿದುಕೊಂಡು, ತಮ್ಮ ಮುರುಕು ಹಿಂದಿಯಲ್ಲಿ ಶೂವನ್ನೇ ನೋಡುತ್ತ ಕೇಳಿದರು. "ಸಬ್ ಠೀಕ್, ಭಯ್ಯಾ?"

ಹತ್ತು ನಿಮಿಷ ನಿಂತೆವು. ಮಾವ ವಾಚು ನೋಡಿಯೇ ನಿಂತರು.

ಶೂವನ್ನು ಅಲ್ಲೇ ಬಿಡುತ್ತಾರೆ ಎಂದುಕೊಂಡಿದ್ದೆ. ಬಿಡಲಿಲ್ಲ. "ನಾಳೆ ಇದು ನೀರಾಗ್ತದೆ. ಒಬ್ಬನೇ ಏನು ಮಾಡ್ತಾನೆ ಇಲ್ಲಿ?" ಎಂದು ಒದ್ದೆ ಶೂವನ್ನು ಮತ್ತೆ ಸೀಟಿನಲ್ಲಿ ಕೂರಿಸಿ ಬೆಲ್ಟು ಕಟ್ಟಿದರು. ಮರಳಿ ಹೊರಟೆವು. ದಾರಿಯಲ್ಲಿ ರಫ್ಹಾ ಎಂಬ ಊರು ದಾಟುವಾಗ ಮಾವ ರಸ್ತೆ ನೋಡುತ್ತಲೇ ಹೇಳಿದರು: "ಮಾರ್ಚಿನ ಟಿಕೆಟು ಡೆಲ್ಲಿ ಮೇಲೆ ತೆಗೆದ್ರೆ ಹೇಗೆ? ಶೂ ಪಹಾಡಿಯ ಮನೆಯವರದ್ದು. ಕೊಡ್ಬೇಕಲ್ಲ."

"ಚಾ ಕೊಟ್ರೆ?" ಎಂದರು ಅತ್ತೆ.

"ಕುಡಿಯುವುದು," ಎಂದರು ಮಾವ. "ಕಷ್ಟ. ಆದ್ರೂ ಕುಡಿಯುವುದು."

ಖೈತಾನಿನ ಕಟ್ಟಡದ ಕೆಳಗೆ ಗಾಡಿ ನಿಂತಿತು. ಟೈರಿನ ರೋಮಗಳೆಲ್ಲ ಉದುರಿ ಹೋಗಿದ್ದವು. ಮಾವ ಬಾನೆಟ್ ಮೇಲೆ ಪರ್ಮಿಟ್ ಹಾಸಿದರು. ಹೋದವರು: 4. ಹಿಂದೆ ಬಂದವರು: ಖಾಲಿ. ಪೆನ್ನು ಆ ಗೆರೆಯ ಮೇಲೆ ಬಂದು ನಿಂತಿತು. ಆ ಕೈ ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ.

ಅರ್ಜಿದಾರಳು ನಾನು. ಮುಚ್ಚಬೇಕಾದವಳೂ ನಾನೇ. ಅವರ ಕೈಯಿಂದ ಪೆನ್ನು ತೆಗೆದುಕೊಂಡು, ಸುಳ್ಳು ಲೆಕ್ಕಗಳನ್ನು ಹಿಡಿಯುವುದಕ್ಕೇ ಸಂಬಳ ಪಡೆಯುವ ನಾನು, 4 ಎಂದು ಬರೆದೆ.

ಮಾವ ಆ ಅಂಕಿಯನ್ನು ನೋಡಿದರು.

"ಎಲ್ರೂ ಬಂದಿದ್ದಾರಾ ಮಗಾ?"

"ಬಂದಿದ್ದಾರೆ ಮಾವಾ."

"ಸರಿಯಾಗಿ ಎಣಿಸಿದ್ದೀಯಾ?"

"ಮೂರು ಸಲ," ಎಂದೆ.